ಎರಡು ಎಂಜಿನ್ನಿನ ಹಠ

ಹಾರೆಯ ಮೂರನೆಯ ಪೆಟ್ಟಿಗೆ ಕಟ್ಟೆಯ ಕಲ್ಲು ಅಲುಗಿತು, ನಾಲ್ಕನೆಯದಕ್ಕೆ ಮಣ್ಣು ಬಿಟ್ಟುಕೊಟ್ಟಿತು. ಚನ್ನಕೇಶವ ಕಲ್ಲನ್ನು ಬೂಟುಗಾಲಿನಿಂದ ಒದ್ದು ಇಳಿಜಾರಿಗೆ ಉರುಳಿಸಿ ಪಕ್ಕದ ಕಲ್ಲಿಗೆ ಹಾರೆ ಹಾಕಿದ.

"ಅಯ್ಯಯ್ಯೋ, ಸಣ್ಣ ರೈಟ್ರೇ! ಎಂತ ಮಾಡ್ತಿದ್ದೀರಿ ನೀವು!" ಮೇಸ್ತ್ರಿ ಕೆಂಚಯ್ಯ ಆ ತುದಿಯಿಂದ ಪಂಚೆ ಎತ್ತಿಕೊಂಡು ಓಡಿ ಬಂದ. "ಮೊನ್ನೆ ಕೂರಿಸಿದ ಕಲ್ಲು ಅದು. ಗಾರೆ ಇನ್ನೂ ಒಣಗಿಲ್ಲ."

"ಒಣಗದೆ ಇದ್ದದ್ದೇ ಒಳ್ಳೇದಾಯ್ತು. ಇನ್ನೊಂದು ಹಾರೆ ತರಿಸಿ ಮೇಸ್ತ್ರೀ. ನಾಲ್ಕು ಜನ ಬರ್ಲಿ."

"ಸಾಹುಕಾರ್ರು ಬಂದು ಕೇಳಿದ್ರೆ ನಾನೆಂತ ಹೇಳ್ಲಿ?"

"ರೈಟರ್ ಮಗನಿಗೆ ಹುಚ್ಚು ಹಿಡಿದಿತ್ತು ಅನ್ನಿ."

ಸುತ್ತ ನಿಂತಿದ್ದ ಆಳುಗಳು ನಕ್ಕರು, ಆದರೆ ಒಬ್ಬರೂ ಕದಲಲಿಲ್ಲ. ಮೇಸ್ತ್ರಿಯ ಬಾಯಿಂದ ಮಾತು ಬರುವವರೆಗೆ ಈ ತೋಟದಲ್ಲಿ ಕೈ ಏಳುವುದಿಲ್ಲ. ಚನ್ನಕೇಶವನಿಗೆ ಅದು ಹುಟ್ಟಿದಾಗಿನಿಂದ ಗೊತ್ತಿದ್ದ ಸಂಗತಿ. ಗೊತ್ತಿದ್ದರೂ ಈವತ್ತು ಅದು ಮೈಯೆಲ್ಲ ಉರಿಸಿತು. ಕೈಗಡಿಯಾರ ನೋಡಿಕೊಂಡ. ಹತ್ತಕ್ಕೆ ಇಪ್ಪತ್ತು ನಿಮಿಷ. ಹತ್ತು ಗಂಟೆಗೆ ಬೆಂಗಳೂರಿನಿಂದ ವಿಮಾನ ಬರುವುದಿತ್ತು, ಅದನ್ನು ನಡೆಸಿಕೊಂಡು ಬರುತ್ತಿದ್ದವನಿಗೆ ಈ ಗುಡ್ಡದ ನೆತ್ತಿಯಲ್ಲಿ ತನಗಾಗಿ ಏನು ಕಟ್ಟಿಟ್ಟಿದ್ದಾರೆ ಎಂಬ ಸುಳಿವೂ ಇರಲಿಲ್ಲ.

ಕಟ್ಟಿಟ್ಟದ್ದು ಒಂದು ಕಣ. ಐನೂರು ಗಜ ಉದ್ದದ, ಮೂಡಿಗೆರೆ ತಾಲ್ಲೂಕಿನಲ್ಲೇ ಯಾರೂ ಕಂಡಿರದಂಥ, ಕಾಫಿ ಒಣಗಿಸುವ ಕಣ. ಸಾಹುಕಾರ್ ಪರಮೇಶ್ವರಪ್ಪನವರು ಜನವರಿಯಲ್ಲಿ, ಹಣ್ಣಿನ ಕೊಯ್ಲು ನಡೆದಿರುವಾಗಲೇ ಕೆಂಚಯ್ಯನನ್ನು ಕರೆದು, ವಿಮಾನ ಇಳಿಯಲಿಕ್ಕೆ ಒಂದು ನೆಲ ಬೇಕು, ಸಮತಟ್ಟು ಇರಬೇಕು, ಚೊಕ್ಕ ಇರಬೇಕು ಎಂದಷ್ಟೇ ಹೇಳಿದ್ದರು. ಸಮತಟ್ಟು ನೆಲ ಎಂದರೆ ಕೆಂಚಯ್ಯನಿಗೆ ಗೊತ್ತಿದ್ದದ್ದು ಒಂದೇ. ಗುಡ್ಡದ ನೆತ್ತಿ ತರಿಸಿದ, ಮಣ್ಣು ಬಡಿಸಿದ, ನೀರು ನಿಲ್ಲದಂತೆ ಒಂದು ಮೂಲೆಗೆ ಇಳುಕಲು ಕೊಟ್ಟ. ಕಾಳು ಹೊರಗೆ ಉರುಳಿ ಹೋಗದಂತೆ ನಾಲ್ಕೂ ಕಡೆ ಗೇಣೆತ್ತರದ ಕಲ್ಲಿನ ಕಟ್ಟೆ ಕೂರಿಸಿದ. ಶುಭಕಾರ್ಯವೆಂದು ನಿನ್ನೆ ಸಂಜೆಯಿಂದ ಈವತ್ತು ಬೆಳಗಿನವರೆಗೆ ಅರವತ್ತು ಹೆಂಗಸರನ್ನು ಹಚ್ಚಿ ಇಡೀ ನೆಲಕ್ಕೆ ಸೆಗಣಿ ಸಾರಿಸಿದ್ದ. ಅರ್ಧ ನೆಲ ಇನ್ನೂ ಹಸಿಯಾಗಿಯೇ ಮಿರುಗುತ್ತಿತ್ತು. ನಡುವೆ ರಂಗೋಲಿ ಬೇರೆ.

"ನಲವತ್ತು ವರ್ಷದಲ್ಲಿ ಹದಿನೆಂಟು ಕಣ ಮಾಡಿದೀನಿ," ಎಂದ ಕೆಂಚಯ್ಯ. "ಒಂದು ಕಾಳು ಹೊರಗೆ ಬಿದ್ದಿಲ್ಲ. ನೀವು ಒದ್ದು ಒಡೀತಿದ್ದೀರಿ."

"ಇಲ್ಲಿ ಒಣಗೋದು ಪಾರ್ಚ್‌ಮೆಂಟ್ ಕಾಫಿಬೀಜ ಅಲ್ಲ ಮೇಸ್ತ್ರೀ!" ಚನ್ನಕೇಶವ ಹಾರೆ ನೆಲಕ್ಕೆ ಕುಕ್ಕಿದ. "ಆ ಕಡೆಯಿಂದ ಅದು ಇಳಿಯುತ್ತೆ. ಗಂಟೆಗೆ ನಲವತ್ತು ಮೈಲಿಯಲ್ಲಿ ನೆಲ ಮುಟ್ಟುತ್ತೆ. ಅದಕ್ಕೆ ಬ್ರೇಕ್ ಇಲ್ಲ. ನಿಮ್ಮ ಸೆಗಣಿ ಮೇಲೆ ಜಾರಿಕೊಂಡು ಸೀದಾ ಇಲ್ಲಿಗೆ ಬರುತ್ತೆ. ಬಂದು ಈ ಕಟ್ಟೆಗೆ ಚಕ್ರ ಗುದ್ದಿ ಮೂಗಡಿಯಾಗಿ ಮಗುಚುತ್ತೆ. ಒಳಗೆ ಇರೋ ಮನುಷ್ಯನ ತಲೆ ಕೆಳಗೆ. ಅರ್ಥ ಆಯ್ತಾ?"

ಕೆಂಚಯ್ಯ ಕಟ್ಟೆಯನ್ನೂ ಆ ತುದಿಯನ್ನೂ ನೋಡಿದ. ಅವನ ಮುಖದ ಬಣ್ಣ ನಿಧಾನವಾಗಿ ಬದಲಾಯಿತು.

"ಯಾರೂ ಹೇಳ್ಲಿಲ್ಲವಲ್ಲ," ಎಂದ.

ಆ ಮಾತು ಚನ್ನಕೇಶವನಿಗೆ ನಾಟಿತು. ಹೇಳಬಹುದಾಗಿದ್ದ ಮನುಷ್ಯ ಇಡೀ ತೋಟದಲ್ಲಿ ಅವನೊಬ್ಬನೇ. ಒಂದು ತಿಂಗಳಿನಿಂದ ಮನೆಯಲ್ಲಿ ಬಿದ್ದುಕೊಂಡಿದ್ದ. ಗುಡ್ಡದ ಮೇಲೆ ನೆಲ ಬಡಿಯುವ ಸದ್ದು ದಿನಾ ಕೇಳುತ್ತಿತ್ತು. ಸಾಹುಕಾರರ ಹೊಸ ಆಟದ ಸಾಮಾನು, ತನಗೇನು ಎಂದು ಒಂದು ದಿನವೂ ಹತ್ತಿ ಬಂದು ನೋಡಿರಲಿಲ್ಲ.

"ಏನ್ರೋ ನೋಡ್ತೀರಿ!" ಕೆಂಚಯ್ಯ ಒಮ್ಮೆಲೇ ಆಳುಗಳ ಮೇಲೆ ಹರಿಹಾಯ್ದ. "ಹಾರೆ ತನ್ನಿ! ಒಡೀರಿ!" ಮೊದಲ ಹಾರೆ ತಾನೇ ಕಸಿದುಕೊಂಡು, ತಾನೇ ಕೂರಿಸಿದ ಕಲ್ಲಿನ ಬುಡಕ್ಕೆ ಹಾಕಿದ.

* * *

ಯುದ್ಧ ಮುಗಿದು ಏಳು ತಿಂಗಳಾಗಿತ್ತು. ಚನ್ನಕೇಶವನ ಪಾಲಿಗೆ ಅದು ಬೇಗನೇ ಮುಗಿದುಹೋಗಿತ್ತು. ಚಿಕ್ಕಮಗಳೂರಿನ ಹೈಸ್ಕೂಲು, ಮೈಸೂರಿನಲ್ಲಿ ಎರಡು ವರ್ಷದ ಕಾಲೇಜು, ಆಮೇಲೆ ವಾಯುದಳ. ಒಂದು ಎಂಜಿನ್ನಿನ ತರಬೇತಿ ವಿಮಾನಗಳಲ್ಲಿ ನೂರ ಎಂಬತ್ತು ಗಂಟೆ ಹಾರಿ, ಇನ್ನೇನು ದೊಡ್ಡದಕ್ಕೆ ಹತ್ತಬೇಕು ಎನ್ನುವಾಗ ಜಪಾನು ಸೋತಿತು. ಸರಕಾರ ಕೈಕುಲುಕಿ ಮನೆಗೆ ಕಳಿಸಿತು. ಅವನಂಥವರು ನೂರಾರು ಜನ ದೇಶದ ತುಂಬ ಖಾಕಿ ಕೋಟಿನ ಗುಂಡಿ ಬದಲಾಯಿಸಿಕೊಂಡು ಕೆಲಸ ಹುಡುಕುತ್ತಿದ್ದರು.

ಬೀಳ್ಕೊಡುವಾಗ ಅವನ ಶಿಕ್ಷಕ ಒಂದೇ ಬುದ್ಧಿಮಾತು ಹೇಳಿದ್ದ. "ಹೊರಗೆ ಹೋದ ಮೇಲೆ ಮೊದಲು ಯಾವ ವಿಮಾನ ಹತ್ತುತ್ತೀ ಅನ್ನೋದನ್ನ ನೋಡ್ಕೊ. ಹೆಣ್ಣು ನೋಡಿದ ಹಾಗೆ ನೋಡಬೇಡ, ರೈಲು ನೋಡಿದ ಹಾಗೆ ನೋಡು. ಅದು ಎಲ್ಲಿಗೆ ಹೋಗುತ್ತೆ? ಕ್ಲಬ್ಬಿನ ಸಣ್ಣ ವಿಮಾನ ಹತ್ತಿದವನು ಕ್ಲಬ್ಬಿನಲ್ಲೇ ಸುತ್ತುತ್ತಾನೆ. ರಾಜನ ವಿಮಾನ ಹತ್ತಿದವನು ರಾಜನ ಕಾರು ಡ್ರೈವರಿನ ಪಕ್ಕ ಊಟಕ್ಕೆ ಕೂರುತ್ತಾನೆ. ಎರಡು ಎಂಜಿನ್ನಿನದಕ್ಕೆ ಹತ್ತು. ಸಹಾಯಕನ ಬಲಗಡೆಯ ಸೀಟಾದರೂ ಸರಿ."

ಹೊಸದಾಗಿ ಹುಟ್ಟಿದ ಕಂಪನಿಯೊಂದು ಯುದ್ಧದಲ್ಲಿ ಬಳಸಿದ ಎರಡು ಎಂಜಿನ್ನಿನ ಡಕೋಟಾ ವಿಮಾನಗಳನ್ನು ಕೊಂಡು ಬೆಂಗಳೂರಿನಲ್ಲಿ ಪ್ರಯಾಣಿಕರ ಕುರ್ಚಿ ಹಾಕಿಸುತ್ತಿತ್ತು. ಅದಕ್ಕೆ ಸಹಾಯಕ ಪೈಲಟ್‌ಗಳು ಬೇಕಾಗಿದ್ದರು. ಚನ್ನಕೇಶವ ಆರು ಕಾಗದ ಬರೆದಿದ್ದ. ಉತ್ತರಕ್ಕಾಗಿ ಕಾದದ್ದು ಹೇಗೆಂದರೆ, ಬೆಳಿಗ್ಗೆ ಎದ್ದರೆ ಕಿವಿ ಸಾಹುಕಾರರ ಬಂಗಲೆಯ ದಾರಿಯ ಕಡೆಗೆ. ಮೂಡಿಗೆರೆಯ ಅಂಚೆಮನೆಗೆ ನಾಲ್ಕು ಸಲ ನಡೆದು ಹೋಗಿ ಕೇಳಿದ. "ತೋಟದ ಕಾಗದ ಎಲ್ಲ ಟಪ್ಪಾಲು ಚೀಲದಲ್ಲಿ ಹಾಕಿ ಬೀಗ ಹಾಕ್ತೀವಿ, ಅಲ್ಲೇ ಕೇಳಿ," ಎಂದರು. ಎಲ್ಲ ತೋಟದಲ್ಲೂ ನಡೆದು ಬಂದ ಪದ್ಧತಿ ಅದು. ಚರ್ಮದ ಚೀಲ ಬಂಗಲೆಗೆ ಬರುತ್ತದೆ, ಬೀಗದ ಕೈ ಸಾಹುಕಾರರ ಹತ್ತಿರ, ಅವರು ತೆಗೆದ ಮೇಲೆ ರೈಟರ್ ದಾಸಯ್ಯ ಹಂಚುತ್ತಾನೆ. ದಾಸಯ್ಯ ಎಂದರೆ ಚನ್ನಕೇಶವನ ಅಪ್ಪ. ಇಪ್ಪತ್ತೆಂಟು ವರ್ಷದಿಂದ ತೋಟದ ರೈಟರ್. ಆಳುಗಳ ಹಾಜರಿಯಿಂದ ಕಾಫಿ ಬೋರ್ಡಿನ ಕಾಗದದವರೆಗೆ ಎಲ್ಲದರ ಮೇಲೂ ಅವನದೇ ದುಂಡು ಅಕ್ಷರ.

"ಏನಾದರೂ ಬಂತಾ ಅಪ್ಪಯ್ಯ?"

"ಇಲ್ಲ ಮಗ."

ಮೂವತ್ತು ದಿನ ಅದೇ ಪ್ರಶ್ನೆ, ಅದೇ ಉತ್ತರ. ಆ ಉತ್ತರ ಹೇಳುವಾಗ ಅಪ್ಪ ಯಾವತ್ತೂ ಕನ್ನಡಕ ಒರೆಸುತ್ತಿದ್ದ.

* * *

ಸದ್ದು ಮೊದಲು ಕೇಳಿದ್ದು ಕೆಂಚಯ್ಯನಿಗೆ. "ಪಲ್ಪರ್ ಇದ್ದ ಹಾಗೆ ಕೇಳ್ತದಲ್ಲ," ಎಂದ. ನಿಜ. ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದ ಹಾಗೇ ಗುರುಗುಟ್ಟುತ್ತ ಹಳದಿ ಬಣ್ಣದ ಎರಡು ಜೊತೆ ರೆಕ್ಕೆಯ ಪುಟ್ಟ ವಿಮಾನವೊಂದು ಸಿಲ್ವರ್ ಓಕುಗಳ ಮೇಲೆ ತೇಲಿ ಬಂತು. ಟೈಗರ್ ಮಾತ್. ಬಟ್ಟೆ, ಕಟ್ಟಿಗೆ, ತಂತಿ, ಒಂದು ಎಂಜಿನ್ನು. ಚನ್ನಕೇಶವ ಹಾರಲು ಕಲಿತದ್ದೇ ಅದರಲ್ಲಿ. ಅದನ್ನು ಕಂಡ ಕ್ಷಣ ಎದೆ ಅರಳಿತು. ಅರಳಿದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟು ಬಂತು.

ಅಷ್ಟರಲ್ಲಿ ಎಂಟು ಗಜದಷ್ಟು ಕಟ್ಟೆ ಕಿತ್ತಿದ್ದರು. ಚನ್ನಕೇಶವ ಕೆಂಚಯ್ಯನ ತಲೆಯ ಕೆಂಪು ರುಮಾಲು ಎಳೆದುಕೊಂಡು, ಕಿತ್ತ ಬಾಯಿಯ ಆಚೆ ದಿಬ್ಬದ ಮೇಲೆ ನಿಂತು ಎರಡೂ ಕೈಯಲ್ಲಿ ಬೀಸಿದ. ವಿಮಾನ ಒಂದು ಸುತ್ತು ಹಾಕಿತು. ಎರಡನೆಯ ಸುತ್ತಿಗೆ ತಗ್ಗಿತು. ಆ ತುದಿಯ ಕಟ್ಟೆಯನ್ನು ಮೊಳದಷ್ಟೇ ಮೇಲಿಂದ ದಾಟಿ ನೆಲ ಮುಟ್ಟಿತು, ಪುಟಿಯಿತು, ಮತ್ತೆ ಮುಟ್ಟಿತು. ಆಮೇಲೆ ಹಸಿ ಸೆಗಣಿ. ಬಾಲದ ಕೊಕ್ಕೆ ನೆಲವನ್ನು ನೇಗಿಲಿನಂತೆ ಸೀಳುತ್ತ, ರಂಗೋಲಿ ಅಳಿಸುತ್ತ, ಇಡೀ ವಿಮಾನ ಒಂದು ಪಕ್ಕಕ್ಕೆ ವಾಲಿ ಜಾರಿ ಬಂತು. ಒಳಗಿದ್ದವನು ಕೆಂಪು ರುಮಾಲಿನ ಕಡೆಗೆ ವಿಮಾನದ ಮೂಗು ತಿರುಗಿಸಿದ. ಚಕ್ರಗಳು ಕಿತ್ತ ಬಾಯಿಯ ನಡುವೆ ನುಸುಳಿದವು. ಎಡಗಡೆಯ ಚಕ್ರಕ್ಕೂ ಉಳಿದಿದ್ದ ಕಲ್ಲಿಗೂ ಒಂದು ಮೊಳ ಅಂತರ. ವಿಮಾನ ಆಚೆಯ ಲಂಟಾನ ಪೊದೆಗೆ ಮುಖ ತೂರಿಸಿ ನಿಂತಿತು.

"ನನ್ನ ಕಣ!" ಎಂದ ಕೆಂಚಯ್ಯ, ಸೀಳು ನೋಡಿ.

ಮುಖದ ಮೇಲೆಲ್ಲ ಸೆಗಣಿ ಸಿಡಿಸಿಕೊಂಡ ಪೈಲಟ್ ಇಳಿದು ಕನ್ನಡಕ ಹಣೆಗೆ ಏರಿಸಿದ. ಚನ್ನಕೇಶವ ರುಮಾಲು ಕೆಳಗೆ ಬಿಟ್ಟ. ಬಸವರಾಜಪ್ಪ! ಸಕಲೇಶಪುರದ ಕಡೆಯವನು, ತರಬೇತಿಯಲ್ಲಿ ಪಕ್ಕದ ಮಂಚದವನು.

"ಯಾವನೋ ಇದನ್ನ ಕಟ್ಟಿಸಿದೋನು?" ಬಸವರಾಜಪ್ಪನ ಬಾಯಿ ಎಂದಿನಂತೆಯೇ ಇತ್ತು. "ಕೊಟ್ಟಿಗೆಗೆ ಇಳಿಸಿದ್ರಲ್ಲ ಮಾರಾಯ ನನ್ನ! ದನಾನೂ ಕಟ್ಟಿದ್ರೆ ಹಾಲು ಕರೆದುಕೊಂಡೇ ಹೋಗ್ತಿದ್ದೆ." ಕಿತ್ತು ಬಿಸಾಡಿದ ಕಲ್ಲುಗಳನ್ನು ನೋಡಿದ. ನಗು ನಿಂತಿತು. "ನೀನು ಒಡೆದದ್ದಾ?"

"ಹ್ಞೂಂ."

"ಇಲ್ಲದಿದ್ರೆ ಈಗ ನನ್ನ ಎತ್ತಿ ಮಲಗಿಸ್ತಿದ್ರಿ." ಬಂದು ತೋಳು ಗಟ್ಟಿಯಾಗಿ ಹಿಡಿದ. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, "ಆದ್ರೂ ನೀನೊಬ್ಬ ಶುದ್ಧ ಕತ್ತೆ ಕಣೋ ಕೇಶವ," ಎಂದ. "ಸಿಕ್ಕಿದ ಡಕೋಟಾ ಸೀಟು ಬೇಡ ಅಂತ ಬರೆದ್ಯಲ್ಲ, ಬುದ್ಧಿ ನೆಟ್ಟಗಿದ್ಯಾ ನಿಂಗೆ?"

"ಯಾವ ಸೀಟು? ಯಾರು ಬರೆದದ್ದು?"

"ನಾಟಕ ಬೇಡ." ಬಸವರಾಜಪ್ಪ ಕೋಟಿನ ಒಳಜೇಬಿಗೆ ಕೈ ಹಾಕಿ ಮಡಿಸಿದ ಕಾಗದ ತೆಗೆದ. "ನಾಡಿದ್ದು ಸೋಮವಾರ ಬೆಳಿಗ್ಗೆ ಎಂಟಕ್ಕೆ ತರಬೇತಿ ಶುರು. ನನಗೂ ಕರೆ ಬಂದಿದೆ. ನಾನು ಈ ವಿಮಾನ ತಲುಪಿಸೋಕೆ ಮೂಡಿಗೆರೆಗೆ ಬರ್ತೀನಿ ಅಂತ ಗೊತ್ತಾಗಿ ಕಂಪನಿಯ ಕ್ಯಾಪ್ಟನ್ ಕರೆದು ಈ ಕಾಗದ ಕೈಗೆ ಕೊಟ್ಟ. 'ಆರು ಸಲ ಬರೆದು ಸೀಟು ಬೇಡಿದ ಹುಡುಗ ಏಳನೇದರಲ್ಲಿ ಒಲ್ಲೆ ಅಂತಾನೆ. ನನಗೆ ನಂಬಿಕೆ ಇಲ್ಲ. ಮುಖ ನೋಡಿ ಕೇಳ್ಕೊಂಡು ಬಾ. ಸೋಮವಾರ ಎಂಟಕ್ಕೆ ನನ್ನೆದುರು ನಿಂತ್ರೆ ಸೀಟು ಅವನದು, ಇಲ್ಲದಿದ್ರೆ ಮುಂದಿನವನದು' ಅಂದ."

ಚನ್ನಕೇಶವ ಕಾಗದ ಬಿಡಿಸಿದ. ಇಂಗ್ಲಿಷಿನಲ್ಲಿ ಬರೆದದ್ದು. ಊರಿನಲ್ಲಿಯೇ ಗಣ್ಯರೊಬ್ಬರು ತಮ್ಮ ಸ್ವಂತ ವಿಮಾನಕ್ಕೆ ತನ್ನನ್ನು ನೇಮಿಸಿಕೊಂಡಿರುವುದರಿಂದ ಕಂಪನಿಯವರ ಕೃಪೆಯನ್ನು ಸವಿನಯವಾಗಿ ನಿರಾಕರಿಸುತ್ತಿರುವುದಾಗಿ ಅದರಲ್ಲಿತ್ತು. ಕೆಳಗೆ ಅವನ ಸಹಿ. ಅವನದೇ ಎನ್ನುವಷ್ಟು ಸರಿಯಾದ ಸಹಿ. ಆದರೆ ಮೇಲಿನ ಸಾಲುಗಳ ದುಂಡು ಅಕ್ಷರ, ಪ್ರತಿ ಸಾಲಿನ ಕೊನೆಯಲ್ಲಿ ತುಸು ಮೇಲಕ್ಕೆ ಏರುವ ಆ ಅಭ್ಯಾಸ... ಇಪ್ಪತ್ತೆಂಟು ವರ್ಷದ ಹಾಜರಿ ಪುಸ್ತಕಗಳ ತುಂಬ ಅದೇ ಇತ್ತು.

ಕಾಗದವನ್ನು ಮತ್ತೆ ಅದೇ ಮಡಿಕೆಗಳಲ್ಲಿ ಮಡಿಸಿದ. ಬೆರಳುಗಳು ನಿಧಾನವಾಗಿ ಕೆಲಸ ಮಾಡಿದವು.

* * *

ಕಾರು ಗುಡ್ಡ ಹತ್ತಿ ಬಂತು. ಪರಮೇಶ್ವರಪ್ಪನವರು ಮೊದಲು ಇಳಿದರು. ಜರಿ ರುಮಾಲು, ಮೊಳಕಾಲುದ್ದದ ಕೋಟು, ಕೈಯಲ್ಲಿ ಹೊಸ ಚರ್ಮದ ಟೊಪ್ಪಿ, ಪೈಲಟ್‌ಗಳು ಹಾಕಿಕೊಳ್ಳುವಂಥದು. ಹಿಂದೆ ಅವರ ಹೆಂಡತಿ ಗಿರಿಜಾಂಬಾ ಆರತಿ ತಟ್ಟೆ ಹಿಡಿದು ಇಳಿದರು. ಎಲ್ಲರಿಗೂ ಹಿಂದೆ, ಚರ್ಮದ ಟಪ್ಪಾಲು ಚೀಲ ಹೆಗಲಿಗೆ ಹಾಕಿಕೊಂಡ ರೈಟರ್ ದಾಸಯ್ಯ.

"ಆಹಾ!" ಎಂದರು ಸಾಹುಕಾರರು. ಲಂಟಾನದಲ್ಲಿ ಮೂಗು ತೂರಿಸಿದ ವಿಮಾನವನ್ನು ನೋಡಿ ಅವರ ಮುಖ ಮಗುವಿನದಾಯಿತು. "ಪಕ್ಕದ ಎಸ್ಟೇಟಿನ ಬಿಳಿ ದೊರೆ ಜೀಪು ತಂದ ಅಂತ ಕ್ಲಬ್ಬಿನಲ್ಲಿ ಆರು ತಿಂಗಳು ಕೊಚ್ಚಿಕೊಂಡ. ಈಗ ನೋಡ್ಲಿ ಮೇಲೆ. ಕೇಶವಾ, ಬಾರೋ ಇಲ್ಲಿ. ನಿನಗೇ ಅಂತ ತರಿಸಿದ್ದು ಕಣೋ ಇದು."

ಚನ್ನಕೇಶವ ಅವರನ್ನು ದಾಟಿ ಅಪ್ಪನ ಎದುರು ನಿಂತ. ಕಾಗದ ಹಿಡಿದ.

"ಇದು ಯಾರ ಅಕ್ಷರ ಅಪ್ಪಯ್ಯ?"

ದಾಸಯ್ಯ ಕಾಗದ ನೋಡಲಿಲ್ಲ. ಕನ್ನಡಕ ತೆಗೆದು ಒರೆಸತೊಡಗಿದ.

"ಒರೆಸಬೇಡಿ! ಮೂವತ್ತು ದಿನ ಒರೆಸಿದಿರಿ. ಯಾರ ಅಕ್ಷರ?"

"ಸಾಹುಕಾರ್ರು ಹೇಳಿದ್ರು, ಬರೆದೆ," ದಾಸಯ್ಯನ ದನಿ ತಣ್ಣಗಿತ್ತು. "ಇಪ್ಪತ್ತೆಂಟು ವರ್ಷ ಅವರು ಹೇಳಿದ್ದನ್ನೇ ಬರ್ಕೊಂಡು ಬಂದಿದೀನಿ. ಅವತ್ತೊಂದು ದಿನ ಬೇರೆ ಬರೀಬೇಕು ಅಂತ ಹೊಳೀಲಿಲ್ಲ."

"ಸಹಿ?"

"ಸಹಿ ಹಾಕೋದು ನಿಂಗೆ ಕಲ್ಸಿದ್ದು ನಾನೇ ಅಲ್ವಾ. ಸ್ಲೇಟಿನ ಮೇಲೆ. ಕೈಗೆ ಬಂತು."

ಅಪ್ಪ ಸುಳ್ಳು ಹೇಳಿದ್ದರೆ, ಅತ್ತಿದ್ದರೆ, ಸಾಹುಕಾರರ ಕಾಲಿಗೆ ಬಿದ್ದಿದ್ದರೆ ಚನ್ನಕೇಶವ ಇನ್ನೂ ನಾಲ್ಕು ಮಾತು ಆಡಿಬಿಡುತ್ತಿದ್ದ. ಈ ತಣ್ಣಗಿನ ನಿಜದ ಎದುರು ಸಿಟ್ಟಿಗೆ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ. ಅದು ತಿರುಗಿ ಸಾಹುಕಾರರ ಕಡೆಗೆ ಹೋಯಿತು.

"ನನ್ನ ಕಾಗದ ನೀವು ಯಾಕೆ ಒಡೆದಿರಿ?"

ಗಿರಿಜಾಂಬಾ ಆರತಿ ತಟ್ಟೆಯನ್ನು ಎದೆಗೆ ಒತ್ತಿಕೊಂಡರು. ಪರಮೇಶ್ವರಪ್ಪನವರಿಗೆ ಮಾತ್ರ ನಿಜವಾಗಿಯೂ ಆಶ್ಚರ್ಯವಾಗಿತ್ತು.

"ಯಾಕೆ ಅಂದ್ರೆ? ಚೀಲದಲ್ಲಿ ಬಂದ ಕಾಗದ ಎಲ್ಲ ನಾನು ನೋಡ್ತೀನಿ. ನಿನಗೆ ಮದುವೆ ಸಂಬಂಧ ಬಂದ್ರೂ ನಾನೇ ಮೊದಲು ನೋಡ್ತೀನಿ. ಕೆಂಚಯ್ಯನ ಮಗಳಿಗೆ ಗಂಡು ಯಾರು ನೋಡಿದ್ದು? ನಾನು. ನಿನಗೆ ವಿಮಾನ ಹಾರಿಸ್ಬೇಕು ಅಂತ ಆಸೆ ಇತ್ತು. ನಮ್ಮ ಹುಡುಗ ಬೆಂಗಳೂರಿನಲ್ಲಿ ಯಾವನೋ ಬಿಳಿಯನ ಪಕ್ಕ ಕೂತು ಎತ್ತು ಅಂದಾಗ ಎತ್ತಿ, ಇಳ್ಸು ಅಂದಾಗ ಇಳ್ಸಿ ಯಾಕೆ ಬಾಳ್ಬೇಕು? ನಮ್ಮ ವಿಮಾನ, ನಮ್ಮ ಗುಡ್ಡ, ನೀನೇ ಕ್ಯಾಪ್ಟನ್. ಏನಪ್ಪಾ," ಎಂದು ಬಸವರಾಜಪ್ಪನ ಕಡೆ ತಿರುಗಿದರು, "ನೀನು ಓದಿದವನು, ಹೇಳು. ಅದರಲ್ಲಿ ಇವನ ಕೆಲಸ ಏನು?"

"ಎರಡು ವರ್ಷ ಚಕ್ರ ಮೇಲೆ, ಚಕ್ರ ಕೆಳಗೆ ಸ್ವಾಮೀ," ಬಸವರಾಜಪ್ಪ ಒಪ್ಪಿಕೊಂಡ. "ಕ್ಯಾಪ್ಟನ್ನಿಗೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸೋದು. ಅದು ನಿಮ್ಮ ತೋಟದ ಕಾಫಿನೂ ಆಗಿರಬಹುದು."

ಆಳುಗಳು ನಕ್ಕರು. ಚನ್ನಕೇಶವ ನಗಲಿಲ್ಲ.

"ಮಳೆಗಾಲದಲ್ಲಿ?" ಎಂದ.

"ಎಂತ?"

"ಜೂನ್ ಬಂದ್ರೆ ಈ ಗುಡ್ಡದ ಮೇಲೆ ಮೋಡ ಕೂರುತ್ತೆ. ನವರಾತ್ರಿ ತನಕ ಏಳಲ್ಲ. ಇದರಲ್ಲಿ ರೇಡಿಯೋ ಇಲ್ಲ, ಮೋಡದ ಒಳಗೆ ದಾರಿ ತೋರ್ಸೋ ಸಲಕರಣೆ ಇಲ್ಲ. ನಾಲ್ಕು ತಿಂಗಳು ಇದು ಟಾರ್ಪಾಲಿನ ಕೆಳಗೆ. ನಾನು ಎಲ್ಲಿ?"

ಪರಮೇಶ್ವರಪ್ಪನವರ ಮುಖ ಬೆಳಗಿತು. ಇದಕ್ಕೂ ಅವರ ಹತ್ತಿರ ಉತ್ತರವಿತ್ತು. "ಅದನ್ನೂ ಯೋಚ್ನೆ ಮಾಡಿದೀನಿ. ಮಳೆಗಾಲದಲ್ಲಿ ಆಫೀಸು. ಹಾಜರಿ ಪುಸ್ತಕ ನೋಡ್ಕೋ. ನಿಮ್ಮಪ್ಪನಿಗೂ ಕಣ್ಣು ಮಂಜಾಗ್ತಾ ಬಂತು. ಅವನ ಕುರ್ಚಿ ಹೊರಗಿನವರಿಗೆ ಕೊಡೋ ಮನಸ್ಸಿಲ್ಲ ನಂಗೆ."

ದಾಸಯ್ಯ ತಲೆ ಎತ್ತಿದ. ಈ ಮಾತು ಅವನಿಗೂ ಹೊಸದು ಎನ್ನುವುದು ಅವನ ಬರಿಗಣ್ಣಿನಲ್ಲಿ ಕಂಡಿತು. ಕನ್ನಡಕ ಇನ್ನೂ ಕೈಯಲ್ಲೇ ಇತ್ತು.

ಸಣ್ಣ ರೈಟ್ರೇ. ಮಾತು ಬಂದ ದಿನದಿಂದ ಆಳುಗಳು ಅವನನ್ನು ಕರೆದದ್ದು ಹಾಗೆ. ತಮಾಷೆ ಎಂದುಕೊಂಡಿದ್ದ. ಈಗ ನೋಡಿದರೆ ಅದು ಹಾಜರಿ ಪುಸ್ತಕದಲ್ಲಿ ಮುಂಚೆಯೇ ಬರೆದಿಟ್ಟ ಹೆಸರು. ನಡುವೆ ಒಂದು ಹಳದಿ ವಿಮಾನ, ಎಂಟು ತಿಂಗಳ ಬಾಡಿಗೆ ರೆಕ್ಕೆ.

"ನಾನು ಹೇಳ್ತೀನಿ ಕೇಳಿ," ಚನ್ನಕೇಶವನ ದನಿ ಏರಿತು, ಒಡೆಯಿತು, ಅವನು ಲೆಕ್ಕಿಸಲಿಲ್ಲ. "ಡಕೋಟಾಕ್ಕೆ ಒಂದು ವೇಳಾಪಟ್ಟಿ ಇರುತ್ತೆ. ಎಂಟು ಗಂಟೆಗೆ ಅಂದ್ರೆ ಎಂಟಕ್ಕೆ ಹೊರಡುತ್ತೆ. ಟಿಕೇಟು ಕೊಂಡವನು ಸಾಹುಕಾರನಾಗ್ಲಿ, ಸಾಬೂನು ಮಾರೋನಾಗ್ಲಿ, ಹತ್ತು ನಿಮಿಷ ತಡವಾಗಿ ಬಂದ್ರೆ ಬಿಟ್ಟು ಹೋಗುತ್ತೆ. ಅಲ್ಲಿ ನಾನು ಕಾಫಿ ಬಗ್ಗಿಸ್ತೀನಿ. ಬಗ್ಗಿಸ್ತೀನಿ! ಎಂಟು ಗಂಟೆಗೆ ಕಾಲು ಗಂಟೆ ಇರುವಾಗ ಬಗ್ಗಿಸ್ತೀನಿ. ಎರಡು ವರ್ಷ ಆದ ಮೇಲೆ ಕ್ಯಾಪ್ಟನ್ನಿನ ಎಡಗಡೆ ಸೀಟಿನಲ್ಲಿ ಕೂರ್ತೀನಿ. ಮೋಡ ಬಂದ್ರೆ ಮೋಡದೊಳಗೆ ಹೋಗ್ತೀನಿ, ಒಂದು ಎಂಜಿನ್ ನಿಂತ್ರೆ ಇನ್ನೊಂದರಲ್ಲಿ ಹೋಗ್ತೀನಿ. ಇಲ್ಲಿ ಏನಿದೆ? ನೀವು ಊಟ ಮಾಡಿ, ಎಲೆ ಅಡಿಕೆ ಹಾಕ್ಕೊಂಡು, 'ಕೇಶವಾ, ಹೊರಡೋಣ್ವೋ' ಅಂದಾಗ ನಾನು ಹೊರಡ್ಬೇಕು. ನಾನು ಪೈಲಟ್ ಅಲ್ಲ ಆಗ. ಎತ್ತಿನ ಗಾಡಿ ಹೊಡೆಯೋನು. ಗಾಡಿ ಮೇಲೆ ಹೋಗುತ್ತೆ, ಅಷ್ಟೇ."

"ಏಯ್!" ಸಾಹುಕಾರರ ದನಿ ಗುಡುಗಿತು. "ಯಾರ ಹತ್ತಿರ ಮಾತಾಡ್ತಿದೀಯ?"

"ನನ್ನ ಕಾಗದ ಕದ್ದವರ ಹತ್ತಿರ."

"ಕೇಶವಾ!" ಎಂದರು ಗಿರಿಜಾಂಬಾ. ಕರ್ಪೂರ ಆರಿಹೋಗಿತ್ತು.

ಆಳುಗಳು ಕಣ್ಣು ಕೆಳಗೆ ಹಾಕಿದರು. ಅವರಿಗೂ ಕಾಗದಗಳು ಬರುತ್ತಿದ್ದವು, ಹಾಸನದ ಅಣ್ಣನಿಂದ, ಘಟ್ಟದ ಕೆಳಗಿನ ತಂಗಿಯಿಂದ. ಅವು ಒಡೆದೇ ಬರುತ್ತಿದ್ದವು. ಅದಕ್ಕೆ ಒಂದು ಹೆಸರಿದೆ ಎಂದು ಯಾರೂ ಯೋಚಿಸಿರಲಿಲ್ಲ.

ದಾಸಯ್ಯ ಮುಂದೆ ಬಂದ. ಚೀಲದಿಂದ ಒಂದು ಹಾಳೆ, ಪೆನ್ನು ತೆಗೆದ. ಅವು ಅವನ ಹತ್ತಿರ ಯಾವತ್ತೂ ಇರುತ್ತಿದ್ದವು. "ಇಲ್ಲೇ ಬರ್ದು ಕೊಡ್ತೀನಿ," ಎಂದ ಮೆಲ್ಲಗೆ, ಸಾಹುಕಾರರ ಕಡೆ ನೋಡದೆ. "ಮೊದಲ ಕಾಗದ ತಪ್ಪಾಗಿ ಬಂದದ್ದು ಅಂತ. ನನ್ನ ಹೆಸರಲ್ಲೇ ಬರೀತೀನಿ."

ಇಪ್ಪತ್ತೆಂಟು ವರ್ಷದಲ್ಲಿ ಅಪ್ಪ ಹೇಳಿಸಿಕೊಳ್ಳದೆ ಬರೆಯಲು ಹೊರಟದ್ದು ಇದೇ ಮೊದಲು. ಚನ್ನಕೇಶವನಿಗೆ ಅದು ಗೊತ್ತಾಯಿತು. ಗೊತ್ತಾದರೂ ಕೈ ಚಾಚಲಿಕ್ಕೆ ಆಗಲಿಲ್ಲ.

"ಕಾಗದ ಸಾಕು ಅಪ್ಪಯ್ಯ. ನಾನೇ ಹೋಗಿ ಎದುರಿಗೆ ನಿಲ್ತೀನಿ."

"ಚಿಕ್ಕಮಗಳೂರಿನ ಬಸ್ಸು ಹನ್ನೆರಡಕ್ಕೆ," ಎಂದ ಬಸವರಾಜಪ್ಪ. "ಇದ್ದಿಲು ಗ್ಯಾಸಿನದು. ಏರು ಬಂದಲ್ಲೆಲ್ಲ ಇಳಿದು ತಳ್ಳಬೇಕು. ನಾಳೆ ರೈಲು ಸಿಕ್ಕಿದ್ರೆ ರಾತ್ರಿಯೊಳಗೆ ಬೆಂಗಳೂರು. ಹೇಗೂ ನಾನೂ ಅದರಲ್ಲೇ ಹೋಗ್ಬೇಕು, ಈ ಹಕ್ಕಿ ಇಲ್ಲೇ ಉಳಿಯುತ್ತಲ್ಲ."

ಪರಮೇಶ್ವರಪ್ಪನವರು ಚರ್ಮದ ಟೊಪ್ಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಸಿಟ್ಟು ಇಳಿದು ಅವರ ಮುಖದಲ್ಲಿ ಬೇರೆ ಏನೋ ಕೂತಿತ್ತು. ಆಳುಗಳ ಎದುರು, ಹೆಂಡತಿಯ ಎದುರು, ಸೆಗಣಿ ಮೆತ್ತಿಕೊಂಡ ಹೊಸ ವಿಮಾನದ ಎದುರು, ಒಬ್ಬ ಹುಡುಗನ ಹತ್ತಿರ ಸೋಲದೆ ಮನೆಗೆ ಹೋಗುವ ದಾರಿ ಹುಡುಕುವವರ ಮುಖ. ಕೊನೆಗೆ ಹತ್ತಿರ ಬಂದರು.

"ಹೋಗ್ಲೇಬೇಕು ಅಂತೀಯ. ಸರಿ, ಹೋಗು. ಹಿಡ್ಕೊಳ್ಳೋನು ನಾನಲ್ಲ." ಚರ್ಮದ ಟೊಪ್ಪಿ ಮುಂದೆ ಹಿಡಿದರು. "ಆದ್ರೆ ಬಸ್ಸು ತಳ್ಕೊಂಡು ಯಾಕೆ ಹೋಗ್ತೀಯ? ಇದರಲ್ಲೇ ಹೋಗು. ನೀನೇ ನಡೆಸ್ಕೊಂಡು ಹೋಗು. ನಿನ್ನ ಸ್ನೇಹಿತನ್ನೂ ಕೂರಿಸ್ಕೊ. ಬೆಂಗಳೂರು ಒಂದೂವರೆ ಗಂಟೆ. ಪೆಟ್ರೋಲಿನ ರೇಷನ್ ಚೀಟಿ ನಾನು ಕೊಡ್ತೀನಿ. ವಿಮಾನ ಅಲ್ಲೇ ಬಿಟ್ಟಿರು, ನಿನಗೆ ಬಿಡುವಾದಾಗ ತಂದು ಮುಟ್ಟಿಸು. ಅವಸರ ಇಲ್ಲ. ನೀನು ಹಾರೋದನ್ನ ಒಂದು ಸಲ ಜನ ನೋಡ್ಲಿ, ಅಷ್ಟೇ ನಾನು ಕೇಳೋದು."

"ತಗೊ ಮಾರಾಯ," ಬಸವರಾಜಪ್ಪ ಕಿವಿಯ ಹತ್ತಿರ ಅಂದ. "ಇದ್ದಿಲಿನ ಮಸಿ ತಿಂದ್ಕೊಂಡು ಯಾರು ಹೋಗ್ತಾರೆ? ಕೆಂಚಯ್ಯನೋರು ಕಟ್ಟೆ ಎರಡೂ ಕಡೆ ಒಡೆಸಿಕೊಡ್ತಾರೆ. ಬಿಸಿಲಿಗೆ ನೆಲ ಒಣಗುತ್ತೆ. ಎದ್ದುಬಿಡ್ಬಹುದು."

ಚನ್ನಕೇಶವ ವಿಮಾನದ ಕಡೆ ನೋಡಿದ. ಲಂಟಾನದ ಹೂ ರೆಕ್ಕೆಯ ತಂತಿಗೆ ಸಿಕ್ಕಿಕೊಂಡಿತ್ತು. ಇಂಥ ವಿಮಾನದ ಸೀಟಿನ ಚರ್ಮದ ವಾಸನೆ, ಕೈಗೆ ಸಿಕ್ಕರೆ ಕೋಲು ಹೇಗೆ ಅಲುಗುತ್ತದೆ ಎನ್ನುವುದು, ಎಲ್ಲ ಅವನ ಮೈಗೆ ಗೊತ್ತಿತ್ತು. ಮೈ ಹತ್ತು ಎನ್ನುತ್ತಿತ್ತು. ಕೋಟಿನ ಜೇಬಿನಲ್ಲಿ ಹೊಸ ಲಾಗ್‌ಬುಕ್ ಇತ್ತು, ವಾಯುದಳದಿಂದ ಹೊರಬಂದ ಮೇಲೆ ಕೊಂಡದ್ದು. ಯಾವ ದಿನ, ಯಾವ ವಿಮಾನ, ಎಲ್ಲಿಂದ ಎಲ್ಲಿಗೆ. ಮೊದಲ ಪುಟ, ಮೊದಲ ಸಾಲು, ಇನ್ನೂ ಖಾಲಿ. ಮೊದಲು ಯಾವ ವಿಮಾನ ಹತ್ತುತ್ತೀ ನೋಡ್ಕೊ ಎಂದಿದ್ದ ಶಿಕ್ಷಕ. ಬಿಡುವಾದಾಗ ತಂದು ಮುಟ್ಟಿಸು. ಬಿಡುವಾದಾಗ ಬಂದವನಿಗೆ ಊಟ ಹಾಕುತ್ತಾರೆ, ಒಂದು ಸುತ್ತು ಹಾಕಿಸು ಎನ್ನುತ್ತಾರೆ, ಕ್ಲಬ್ಬಿನ ದೊರೆ ಬರ್ತಾನೆ ನಾಳೆ ಇದ್ದು ಹೋಗು ಎನ್ನುತ್ತಾರೆ. ಅಷ್ಟರಲ್ಲಿ ಮೋಡ ಇಳಿಯುತ್ತದೆ.

ದಾಸಯ್ಯ ಕನ್ನಡಕ ಹಾಕಿಕೊಂಡು ಮಗನನ್ನೇ ನೋಡುತ್ತಿದ್ದ. ಕೆಂಚಯ್ಯ ಹಾರೆ ಹಿಡಿದು ಆಚೆ ತುದಿಯ ಕಟ್ಟೆಗೆ ಹೊರಡಲು ತಯಾರಾಗಿ, ಅಪ್ಪಣೆಗೆ ಕಾದಿದ್ದ. ಸಾಹುಕಾರರ ಕೈ ಚಾಚಿಕೊಂಡೇ ಇತ್ತು.

"ಹಾಕ್ಕೊಳ್ಳೋ," ಎಂದರು. ದನಿ ಹೆಚ್ಚು ಕಡಿಮೆ ಬೇಡುವಂತಿತ್ತು. "ಒಂದೇ ಒಂದು ಸಲ."

"ಬೇಡ," ಎಂದ ಚನ್ನಕೇಶವ. "ನಾನು ಇದನ್ನ ಹತ್ತಲ್ಲ."